ನೀರು ಬಂತು

ಹಳೆಯ ಮಾರುಕಟ್ಟೆಯನ್ನು ಕೆಡವಲಿಲ್ಲ. ಕೆಡವಿದ್ದರೆ ಒಂದಷ್ಟು ಧೂಳು, ಒಂದಷ್ಟು ಅಳು, ಅಲ್ಲಿಗೆ ಮುಗಿದುಹೋಗುತ್ತಿತ್ತು. ಅದನ್ನು ಉಳಿಸಿದರು. ಕಬ್ಬಿಣದ ಕಂಬಗಳಿಗೆ ಅಂಟಿದ್ದ ತುಕ್ಕು, ಜಿಡ್ಡು, ಹರಿದ ಪೋಸ್ಟರುಗಳನ್ನೆಲ್ಲ ಕೆರೆದು ಕಪ್ಪು ಬಣ್ಣ ಬಳಿದರು. ಕಮಾನಿನ ಇಟ್ಟಿಗೆಗಳನ್ನು ಹಲ್ಲುಜ್ಜಿದ ಹಾಗೆ ಒಂದೊಂದಾಗಿ ಉಜ್ಜಿದರು. ಗಾಜಿನ ಚಾವಣಿಯಿಂದ ಪಾರಿವಾಳಗಳನ್ನು ಓಡಿಸಿ ಬಲೆ ಬಿಗಿದರು. ಮೂಟೆ ತೂಗುತ್ತಿದ್ದ ಕಟ್ಟೆಯ ಮೇಲೆ ಈಗ ವೈನಿನ ಬಾಟಲಿಗಳು ಮಲಗಿವೆ. ಮೀನು ಕತ್ತರಿಸುತ್ತಿದ್ದ ಉದ್ದನೆಯ ಕಲ್ಲಿನ ಎರಡೂ ಬದಿಯಲ್ಲಿ ಎತ್ತರದ ಕುರ್ಚಿ ಹಾಕಿ, ಲ್ಯಾಪ್‌ಟಾಪ್ ತೆರೆದುಕೊಂಡ ಜನ ಕಾಫಿ ಕುಡಿಯುತ್ತಾರೆ. ಉದ್ಘಾಟನೆಯ ದಿನ ಇಂಜಿನಿಯರನೊಬ್ಬ ಮೈಕು ಹಿಡಿದು, ಈ ಕಟ್ಟಡ ಮತ್ತೆ ಉಸಿರಾಡತೊಡಗಿದೆ ಎಂದ. ಉಸಿರಾಡಲಿ, ಯಾರು ಬೇಡ ಅಂದರು. ಅದರ ಹೊಟ್ಟೆಯಲ್ಲಿ ಯಾರಿದ್ದಾರೆ ಎನ್ನುವುದನ್ನು ಮಾತ್ರ ಅವನು ಹೇಳಲಿಲ್ಲ.

ಹೊಟ್ಟೆಯೆಂದರೆ ನೆಲಮಾಳಿಗೆ. ಒಂದು ಕಾಲಕ್ಕೆ ಅಲ್ಲಿ ಹಣ್ಣು ಮಾಗಿಸುತ್ತಿದ್ದರು. ಈಗ ಮೇಲಿನ ಅಷ್ಟೂ ಹೋಟೆಲುಗಳ ಎಂಜಲು ತಟ್ಟೆ ಅಲ್ಲಿಗೆ ಇಳಿಯುತ್ತದೆ. ಹಜಾರದ ನಟ್ಟನಡುವೆ, ಕಲ್ಲು ಕಿತ್ತು ದಪ್ಪ ಗಾಜು ಕೂರಿಸಿದ್ದಾರೆ. ಅದರ ಮೇಲೆ ನಿಂತು ಬಗ್ಗಿ ನೋಡಿದರೆ ಕೆಳಗಿನ ಕಮಾನುಗಳು ಹಳದಿ ಬೆಳಕಿನಲ್ಲಿ ಕಾಣುತ್ತವೆ. ಬಂದವರು ಅದರ ಮೇಲೆ ಕಾಲಿಡಲು ಹೆದರಿದಂತೆ ನಟಿಸಿ, ಕಿಸಕ್ಕನೆ ನಕ್ಕು, ಫೋಟೋ ತೆಗೆದುಕೊಳ್ಳುತ್ತಾರೆ. ಕೆಳಗೆ ತಟ್ಟೆ ತೊಳೆಯುವ ಹೆಂಗಸರು ಗಾಜಿನ ಕೆಳಗೆ ಹಾಯಬಾರದು, ಗೋಡೆಯ ಬದಿಯಲ್ಲೇ ಓಡಾಡಬೇಕು ಎಂಬುದು ನಿಯಮ. ಫೋಟೋ ಕೆಡುತ್ತದೆ.

ಆ ಗಾಜನ್ನು ಒರೆಸುವುದು ಸೊಸೆಯ ಕೆಲಸ. ಅವಳಿಗೆ ಮಾತ್ರ ಹೆದರಿದಂತೆ ನಟಿಸುವ ಅಗತ್ಯವಿರಲಿಲ್ಲ. ಮಂಡಿಯೂರಿ ಬಟ್ಟೆ ಆಡಿಸುವಾಗೆಲ್ಲ ಕಣ್ಣು ಕೆಳಗೆ ಹೋಗುತ್ತಿತ್ತು, ಹೆದರಿಕೆ ನಿಜವಾಗಿಯೇ ಆಗುತ್ತಿತ್ತು. ಕೆಳಗೆ ಇರುವವರಲ್ಲಿ ಒಬ್ಬಳು ಅವಳ ಅತ್ತೆ.

ಅತ್ತೆ ಇದೇ ಹಜಾರದಲ್ಲಿ ಮೂರನೆಯ ಕಂಬದ ಬುಡದಲ್ಲಿ ಕೂತು ನಿಂಬೆಹಣ್ಣು ಮಾರಿದವಳು. ಹುಟ್ಟಿನ ಹೆಸರು ಮನೆಯವರಿಗೇ ಮರೆತುಹೋಗಿ, ಇಡೀ ಮಾರುಕಟ್ಟೆಗೆ ನಿಂಬೆಯಕ್ಕ ಆಗಿದ್ದಳು. ಮಾರುಕಟ್ಟೆ ಮುಚ್ಚಿದ ಮೇಲೆ ಅವಳು, ಸೊಪ್ಪಿನವಳು, ಮೊಟ್ಟೆಯಕ್ಕ ಮತ್ತೆ ಇನ್ನಿಬ್ಬರು ಮೂವರು ಗುತ್ತಿಗೆದಾರನ ಕೈಗೆ ಸಿಕ್ಕಿ, ತಾವು ಕೂತು ವ್ಯಾಪಾರ ಮಾಡಿದ ಜಾಗದ ಅಡಿಯಲ್ಲೇ ನಿಂತು ತಟ್ಟೆ ತೊಳೆಯತೊಡಗಿದರು. ಕಂಪನಿಯ ಲೆಕ್ಕದಲ್ಲಿ ಅವರ ವಯಸ್ಸು ದಾಟಿತ್ತು. ಹಾಗಾಗಿ ಅವರಿಗೆ ಕಾರ್ಡಿಲ್ಲ, ಕಾಗದದ ಮೇಲೆ ತಟ್ಟೆ ತೊಳೆಯುವುದು ಯಂತ್ರ ಮಾತ್ರ. ಸೊಸೆಯ ಕೊರಳಲ್ಲಿ ಕಾರ್ಡಿತ್ತು. ಅದನ್ನು ಉಜ್ಜಿದರೆ ಹಜಾರದ ಬಾಗಿಲು, ಕಕ್ಕಸಿನ ಬಾಗಿಲು ತೆರೆಯುತ್ತಿದ್ದವು. ನೆಲಮಾಳಿಗೆಯ ಬಾಗಿಲು ತೆರೆಯುವುದು ಸೂಪರ್‌ವೈಸರ್ ಮತ್ತು ಸೆಕ್ಯೂರಿಟಿಯವನ ಕಾರ್ಡಿಗೆ ಮಾತ್ರ. ಬೆಳಿಗ್ಗೆ ಆ ಹೆಂಗಸರನ್ನು ಒಳಗೆ ಬಿಟ್ಟರೆ ಬಾಗಿಲು ತಾನಾಗಿ ಬಿಗಿಯುತ್ತಿತ್ತು, ಇನ್ನು ಸಂಜೆಯೇ. ಹಿಂದೆ ತಳ್ಳುಗಾಡಿಗಳು ಇಳಿಯುತ್ತಿದ್ದ ಹಿತ್ತಲ ಇಳಿಜಾರಿಗೆ ಇಟ್ಟಿಗೆ ಕಟ್ಟಿ, ಆ ಕಡೆಯಿಂದ ಯಾವುದೋ ಅಂಗಡಿಯ ಗೋಡೆ ಮಾಡಿದ್ದರು.

ಕಂಪನಿಯಿಂದ ತಪಾಸಣೆಯವರು ಬರುವ ದಿನ ಈ ಹೆಂಗಸರು ಕೊನೆಯ ಕೋಣೆಗೆ ಸೇರಿ, ಕಬ್ಬಿಣದ ಷಟರ್ ಎಳೆದುಕೊಂಡು, ಉಸಿರು ಬಿಗಿಹಿಡಿದು ಕೂರಬೇಕಿತ್ತು. ಕಾಗದದ ಮೇಲೆ ಇಲ್ಲದವರು ಕಣ್ಣಿಗೂ ಇರಬಾರದಲ್ಲ.

ಸೊಸೆ ಧೈರ್ಯ ತಂದುಕೊಂಡು ಸೂಪರ್‌ವೈಸರನನ್ನು ಒಮ್ಮೆ ಕೇಳಿದ್ದಳು. ಅವನ ಅಂಗಿಗೆ ಯಾವಾಗಲೂ ಕತ್ತಿಯಂಥ ಮಡಿಕೆಯ ಗೆರೆ ಇರುತ್ತಿದ್ದುದರಿಂದ ಹೆಂಗಸರು ಅವನನ್ನು ಇಸ್ತ್ರಿ ಎಂದು ಕರೆಯುತ್ತಿದ್ದರು.

"ಸರ್, ನಮ್ಮತ್ತೇನ ಮೇಲಕ್ಕೆ ಹಾಕ್ತೀರಾ? ಕಕ್ಕಸು ತೊಳೆಯೋದಾದ್ರೂ ಪರವಾಗಿಲ್ಲ."

"ಮೇಲಕ್ಕೆ ಅಂದ್ರೆ ಎಲ್ಲಿಗೆ? ಅವರ ವಯಸ್ಸಿಗೆ ಮೇಲಕ್ಕೆ ಅಂದ್ರೆ ಒಂದೇ ಜಾಗ ಇರೋದು."

"ಕೆಳಗೆ ಬಾಗಿಲು ಹೊರಗಿಂದಾನೇ ತೆಗೀಬೇಕು. ಅವರ ಹತ್ರ ಕಾರ್ಡಿಲ್ಲ. ಏನಾದ್ರೂ ಆಗಿಬಿಟ್ರೆ ಅಂತ..."

"ಏನಾಗುತ್ತಮ್ಮ? ನಿಮ್ಮಜ್ಜನ ಕಾಲದಿಂದ ನಿಂತಿರೋ ಕಟ್ಟಡ ಇವತ್ತು ನಿಮ್ಮತ್ತೆ ಮೇಲೇ ಬೀಳ್ಬೇಕಾ? ನಾನು ಕಣ್ಣು ಮುಚ್ಕೊಂಡು ಕೆಲಸ ಕೊಟ್ಟಿದ್ದೀನಿ. ತೆಗೀಲಾ ಕಣ್ಣು?"

ಅವಳು ತಲೆ ತಗ್ಗಿಸಿ ಬಂದಿದ್ದಳು. ಗಂಡ ಲಾರಿಯ ಮೇಲೆ ಊರೂರು ಅಲೆಯುವವನು, ಬಂದ ದಿನ ಬಂದ. ಮನೆ ನಡೆಯುತ್ತಿದ್ದುದು ಈ ಇಬ್ಬರ ಕೈಯಲ್ಲಿ. ಅತ್ತೆಗೆ ಹೇಳಿದರೆ ಅವಳು ನಕ್ಕಳು: "ಹೆದರಿಕೇನ ಒಡವೆ ಥರ ಮೈಮೇಲೆ ಹಾಕ್ಕೊಂಡು ತಿರುಗ್ತೀಯ ಕಣೇ ನೀನು. ಕೆಳಗೆ ಏನಿದೆ ಗೊತ್ತಾ? ಬಿಸಿನೀರು ಇದೆ. ಮನೇಲಿದೆಯಾ ನಿಂಗೆ ಬಿಸಿನೀರು?" ಆದರೂ ಸೊಸೆಯ ಸಂಕಟ ಅರ್ಥವಾಗಿರಬೇಕು. ಮಧ್ಯಾಹ್ನ ಇಸ್ತ್ರಿ ಊಟಕ್ಕೆ ಹೋದ ಹೊತ್ತಿಗೆ ಅತ್ತೆ ನಿಯಮ ಮುರಿದು ಗಾಜಿನ ಅಡಿಗೆ ಬಂದು, ಮುಖವೆತ್ತಿ, ನೊರೆ ಹತ್ತಿದ ಕೈ ಒಮ್ಮೆ ಅಲ್ಲಾಡಿಸಿ ಹೋಗುತ್ತಿದ್ದಳು. ಬದುಕಿದ್ದೀನಿ, ಒರೆಸು ಒರೆಸು, ಎಂಬಂತೆ.

ಆ ಮಧ್ಯಾಹ್ನ ಅತ್ತೆ ಬರಲಿಲ್ಲ.

ಹೊರಗೆ ರಸ್ತೆ ಅಗೆಯುವ ಯಂತ್ರದ ಸದ್ದು ಬೆಳಿಗ್ಗೆಯಿಂದ ಇತ್ತು. ಬಂದವರ ಕಾರುಗಳಿಗೆ ನೆಲದಡಿ ಜಾಗ ಮಾಡುತ್ತಿದ್ದರು. ಸದ್ದು ಯಾವಾಗಲೋ ನಿಂತಿತ್ತು. ನಿಂತದ್ದು ಸೊಸೆಯ ಗಮನಕ್ಕೆ ಬಂದದ್ದು ಗಾಜನ್ನು ಎರಡು ಸಲ ಒರೆಸಿದ ಮೇಲೆ. ಮೂರನೆಯ ಸಲ ಒರೆಸುತ್ತಿದ್ದಾಗ ಕೆಳಗಿನ ನೆಲ ಹೊಳೆಯುತ್ತಿರುವುದು ಕಂಡಿತು. ಯಾರೋ ತೊಳೆದಿರಬೇಕು ಎಂದುಕೊಂಡಳು. ಆಮೇಲೆ ಆ ಹೊಳಪು ಅಲುಗಿತು. ಗೋಡೆಯ ಮೇಲಿದ್ದ ಹಳದಿ ದೀಪ ನೆಲದಲ್ಲಿ ತುಂಡುತುಂಡಾಗಿ ಮತ್ತೆ ಕೂಡಿಕೊಂಡಿತು. ಒಂದು ಪ್ಲಾಸ್ಟಿಕ್ ಬುಟ್ಟಿ ತನ್ನಷ್ಟಕ್ಕೆ ತಾನು ಗಾಜಿನ ಅಡಿಯಿಂದ ಹಾದುಹೋಯಿತು.

ಹಳೆಯ ಕಟ್ಟಡಕ್ಕೆ ರಸ್ತೆಯ ಮಟ್ಟದಲ್ಲಿ ಗಾಳಿಕಿಂಡಿಗಳಿದ್ದವು, ಹೂವಿನ ಕೆತ್ತನೆಯ ಕಬ್ಬಿಣದ ಜಾಲರಿ ಹೊದ್ದವು. ನೆಲಮಾಳಿಗೆಯ ನಡುವೆ ಒಂದು ಅಗಲವಾದ ಚರಂಡಿಯೂ ಇತ್ತು. ಕಿಂಡಿ ಚೆಂದವಿತ್ತು, ಉಳಿಸಿಕೊಂಡರು. ಚರಂಡಿ ನಾರುತ್ತಿತ್ತು, ಮುಚ್ಚಿದರು. ಹೀಗೆ ನೀರು ಬರುವ ದಾರಿ ಉಳಿದು, ಹೋಗುವ ದಾರಿ ಇಲ್ಲವಾಯಿತು. ರಸ್ತೆಯಡಿಯ ದೊಡ್ಡ ಕೊಳವೆ ಯಂತ್ರದ ಹಲ್ಲಿಗೆ ಸಿಕ್ಕಿ ಸೀಳಿದಾಗ ನೀರಿಗೆ ಆ ಹೂವಿನ ಕಿಂಡಿಗಳೇ ಹತ್ತಿರವಾದವು.

ಸೊಸೆ ಬಕೆಟ್ ಒದ್ದುಕೊಂಡೇ ಓಡಿದಳು.

ನೆಲಮಾಳಿಗೆಯ ಬಾಗಿಲಲ್ಲಿ ಸೆಕ್ಯೂರಿಟಿಯ ನೀಲಿ ಅಂಗಿ ತೊಟ್ಟು ಕೂತಿದ್ದವನು ಮೂಟೆಯಣ್ಣ. ಮಾರುಕಟ್ಟೆಯಲ್ಲಿ ಹಮಾಲಿಯಾಗಿದ್ದವನು, ಬೆನ್ನು ಇನ್ನೂ ಇಲ್ಲದ ಮೂಟೆಗೆ ಬಾಗಿಯೇ ಇತ್ತು.

"ತೆಗಿ ಅಣ್ಣ, ಬಾಗಿಲು ತೆಗಿ."

"ಏನಾಯ್ತು, ಯಾಕೆ ಹಿಂಗೆ..."

"ತೆಗಿ ಮೊದಲು."

ಕಾರ್ಡು ಕೂಗಿತು, ಬಾಗಿಲು ಸಡಿಲವಾಯಿತು. ಕೆಳಗಿನಿಂದ ತಣ್ಣನೆಯ ಗಾಳಿ, ಸೋಪಿನ ವಾಸನೆ, ಪಾತ್ರೆ ತೊಳೆಯುವ ಯಂತ್ರದ ಗುಡುಗುಡು, ಅದರ ನಡುವೆ ಹೆಂಗಸರ ಮಾತು. ತೊಳೆಯುವ ಕಟ್ಟೆ, ಅಲ್ಲಿಂದ ಕೊನೆಯ ಕೋಣೆಯವರೆಗಿನ ಜಗಲಿ ಎರಡೂ ಒಳಗಿನ ತಿರುವಿನಾಚೆ, ನೆಲಕ್ಕಿಂತ ಎತ್ತರದಲ್ಲಿದ್ದವು, ಅವರಿಗಿನ್ನೂ ಗೊತ್ತಿರಲಿಲ್ಲ. ಸೊಸೆ ಮೊದಲ ಮೆಟ್ಟಿಲ ಮೇಲೆ ನಿಂತು, ಎದೆ ಹರಿಯುವಂತೆ ಕೂಗಿದಳು.

"ನೀರು ಬಂತು. ಅತ್ತೆ, ನೀರು ಬಂತು, ನೀರು ಬಂತು."

ಮಾತು ನಿಂತಿತು. ಒಂದು ತಟ್ಟೆ ಒಡೆಯಿತು. ಯಾರೋ ಯಂತ್ರ ಆರಿಸಿದರು. ಪಟಪಟನೆ ಕಾಲುಗಳ ಸದ್ದು ಕೇಳಿಸಿತು. ಬಂದರು, ಎಂದು ಸೊಸೆ ಉಸಿರು ಬಿಟ್ಟಳು. ಕಾಲಿನ ಸದ್ದು ಹತ್ತಿರ ಬರಲಿಲ್ಲ, ದೂರ ಹೋಯಿತು. ಆಮೇಲೆ, ತುಂಬ ಒಳಗಿನಿಂದ, ಕಬ್ಬಿಣ ಕಬ್ಬಿಣಕ್ಕೆ ಉಜ್ಜಿಕೊಂಡು ಇಳಿಯುವ ಉದ್ದನೆಯ ಕಿರುಗುಟ್ಟುವಿಕೆ. ಷಟರ್.

ಮೂಟೆಯಣ್ಣ ಅವಳ ರಟ್ಟೆ ಹಿಡಿದ. "ಏನಂತ ಕೂಗಿದೆ ನೀನು?"

ಅವಳು ಷಟರಿನ ಸದ್ದು ಬಂದ ಕಡೆ ಬಗ್ಗಿದಳು.

"ಏನಂತ ಕೂಗಿದೆ, ತಾಯಿ?"

ಮಾರುಕಟ್ಟೆಯಲ್ಲಿ ಆ ಮಾತಿಗೆ ನೀರು ಎಂಬ ಅರ್ಥ ಎಂದೂ ಇರಲಿಲ್ಲ. ಲೈಸೆನ್ಸು ಇಲ್ಲದೆ ಕೂತವರ ಬುಟ್ಟಿ, ತಕ್ಕಡಿ, ಕೆಲವೊಮ್ಮೆ ಅವರನ್ನೇ ಎತ್ತಿ ಹಾಕಿಕೊಂಡು ಹೋಗಲು ನಗರಪಾಲಿಕೆಯ ಗಾಡಿ ಬರುತ್ತಿತ್ತು. ಗಾಡಿ ಕಂಡವರು "ನೀರು ಬಂತು" ಎಂದು ಕೂಗುತ್ತಿದ್ದರು. ಅಧಿಕಾರಿಗಳು ಕೇಳಿದರೂ, ನಲ್ಲಿಯಲ್ಲಿ ನೀರು ಬಂದಿರಬೇಕು, ಕೊಡ ಹಿಡಿಯಲು ಓಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದರು. ಹೆಂಗಸರು ಬುಟ್ಟಿಗಳನ್ನು ಅವುಚಿಕೊಂಡು ನೆಲಮಾಳಿಗೆಗೆ ಇಳಿದು, ಕೊನೆಯ ಕೋಣೆ ಸೇರಿ, ಷಟರ್ ಎಳೆದುಕೊಳ್ಳುತ್ತಿದ್ದರು. ಈಗ ತಪಾಸಣೆಯವರು ಬಂದಾಗಲೂ ಮೂಟೆಯಣ್ಣ ಇದೇ ಮೆಟ್ಟಿಲ ಮೇಲೆ ನಿಂತು ಇದೇ ಮಾತು ಕೂಗುತ್ತಿದ್ದ. ಆ ಮಾತು ಕಿವಿಗೆ ಬಿದ್ದರೆ ಅವರ ತಲೆ ಯೋಚಿಸುತ್ತಿರಲಿಲ್ಲ, ಕಾಲು ಯೋಚಿಸುತ್ತಿತ್ತು. ಸೊಸೆಗೂ ಇದೆಲ್ಲ ಗೊತ್ತಿತ್ತು. ಆದರೆ ನಿಜವಾದ ನೀರು ಬಂದಾಗ ಮನುಷ್ಯರು ಬೇರೆ ಏನಂತ ಕೂಗಬೇಕು?

"ಇಳೀತೀನಿ," ಎಂದಳು.

"ಸಾಯ್ತೀಯ. ಬೋರ್ಡು ಕೆಳಗಿದೆ, ನೀರಿಗೆ ಕರೆಂಟ್ ತಗಲಿದ್ರೆ ಸುಟ್ಟು ಹೋಗ್ತೀಯ. ಮೊದಲು ಮೇನ್ ತೆಗೆಸು. ಓಡು, ಮ್ಯಾನೇಜರಿಗೆ ಹೇಳು."

ಹಜಾರದಲ್ಲಿ ಆಗಲೇ ಒಬ್ಬಳ ಮಧುರವಾದ ದನಿ ಮೈಕಿನಲ್ಲಿ, ತಾಂತ್ರಿಕ ಕಾರಣದಿಂದ ದಯವಿಟ್ಟು ಹೊರನಡೆಯಿರಿ ಎನ್ನುತ್ತಿತ್ತು. ಜನ ಅರ್ಧ ಕುಡಿದ ಲೋಟ ಹಿಡಿದುಕೊಂಡೇ ಹೊರಟಿದ್ದರು. ಮ್ಯಾನೇಜರ್ ಕಂಬದ ಪಕ್ಕ ನಿಂತು ಕೈಯಲ್ಲಿದ್ದ ಪರದೆಯನ್ನು ಬೆರಳಿನಿಂದ ಸರಿಸುತ್ತಿದ್ದ. ಪಕ್ಕದಲ್ಲಿ ಇಸ್ತ್ರಿ.

"ಸರ್, ಕೆಳಗೆ ಜನ ಇದ್ದಾರೆ."

ಮ್ಯಾನೇಜರ್ ಪರದೆ ನೋಡಿದ. "ಕೆಳಗೆ ಸೊನ್ನೆ ತೋರಿಸ್ತಿದೆ."

"ಇದ್ದಾರೆ ಸರ್. ನಮ್ಮತ್ತೆ ಇದ್ದಾರೆ. ಕೊನೇ ಕೋಣೇಲಿ ಷಟರ್ ಹಾಕ್ಕೊಂಡಿದ್ದಾರೆ."

"ಕಾರ್ಡ್ ಉಜ್ಜದೆ ಯಾರು ಹೋಗೋಕಾಗುತ್ತೆ?" ಎಂದು ಮ್ಯಾನೇಜರ್ ಇಸ್ತ್ರಿಯ ಕಡೆ ತಿರುಗಿದ. "ಯಾರಾದ್ರೂ ಇದ್ದಾರೇನ್ರೀ?"

ಇಸ್ತ್ರಿ ಅವಳ ಕಣ್ಣು ನೋಡಲಿಲ್ಲ. ತನ್ನ ಅಂಗಿಯ ತೋಳಿನ ಗೆರೆಯನ್ನು ಎರಡು ಬೆರಳಲ್ಲಿ ಹಿಡಿದು ನೇರ ಮಾಡಿಕೊಂಡ.

"ಯಾರೂ ಇಲ್ಲ ಸರ್. ಪಾಪ, ಗಾಬರಿಯಾಗಿದ್ದಾಳೆ."

ಕೊಲ್ಲುವವರ ಕೈಯಲ್ಲಿ ಆಯುಧ ಇರುತ್ತದೆಂದು ಅವಳು ಅಲ್ಲಿಯವರೆಗೆ ನಂಬಿದ್ದಳು. ಇವನ ಕೈಯಲ್ಲಿ ಏನೂ ಇರಲಿಲ್ಲ. ಇವನಿಗೂ ಮನೆಯಿತ್ತು, ಮಕ್ಕಳಿದ್ದರು, ಇವನೂ ಮೇಲಿನವರಿಗೆ ಹೆದರಿದ್ದ. ಒಬ್ಬನ ಹೆದರಿಕೆಯನ್ನು ಇನ್ನೊಬ್ಬರ ಕುತ್ತಿಗೆಗೆ ಕಟ್ಟಿ ನೀರಿಗೆ ತಳ್ಳುವುದಕ್ಕೆ ಎರಡು ಪದ ಸಾಕಾಗುತ್ತವೆ.

"ಮೇನ್ ಆಫ್ ಮಾಡಿಸಿ, ಯಂತ್ರ ಸುಟ್ಟುಹೋದ್ರೆ ಕಷ್ಟ," ಎಂದು ಮ್ಯಾನೇಜರ್ ಯಾರಿಗೋ ಫೋನಿನಲ್ಲಿ ಹೇಳಿದ. ದೀಪಗಳು ಆರಿದವು. ಮೈಕಿನ ಮಧುರ ದನಿ ನಡುವಿನಲ್ಲೇ ಸತ್ತಿತು.

ಯಂತ್ರಕ್ಕಾಗಿ ತೆಗೆಸಿದ ಕರೆಂಟು. ಆದರೂ ಆಯಿತು. ಅವಳು ತಿರುಗಿ ಓಡಿದಳು.

ಮೂಟೆಯಣ್ಣ ಬಾಗಿಲಿಗೂ ಚೌಕಟ್ಟಿಗೂ ನಡುವೆ ತನ್ನ ಬೆನ್ನನ್ನೇ ಕೊಟ್ಟು ನಿಂತಿದ್ದ. "ಕರೆಂಟ್ ಹೋದ್ರೆ ಇದು ಬಿಗಿದುಕೊಂಡುಬಿಡುತ್ತೆ, ಕಾರ್ಡಿಗೂ ತೆಗೆಯಲ್ಲ. ನಾನು ಇಲ್ಲಿಂದ ಅಲ್ಲಾಡೋ ಹಾಗಿಲ್ಲ. ನೀನೇ ಹೋಗ್ಬೇಕು."

"ಹೂಂ."

"ಹೆದರಿಕೆ ಆಗ್ತಿದೆಯಾ?"

"ಹೂಂ."

"ಗೋಡೆ ಹಿಡ್ಕೊಂಡು ಹೋಗು. ನಡುವೆ ಹೋಗ್ಬೇಡ, ಬುಟ್ಟಿ ಗಿಟ್ಟಿ ಬಡಿಯುತ್ತೆ."

ಮೆಟ್ಟಿಲ ಕೊನೆಯಲ್ಲಿ ನೀರು ಕಾಲು ಹಿಡಿಯಿತು. ಅಷ್ಟು ತಣ್ಣಗಿರುತ್ತದೆಂದು ಅವಳು ಎಣಿಸಿರಲಿಲ್ಲ. ತಿರುವು ದಾಟುವಷ್ಟರಲ್ಲಿ ಮೊಣಕಾಲಿಗೆ ಬಂತು. ಕಿಂಡಿಗಳಿಂದ ನೀರು ಬೀಳುತ್ತಿತ್ತು. ಸುರಿಯುವ ಸದ್ದಲ್ಲ ಅದು, ದೊಡ್ಡ ಪ್ರಾಣಿಯೊಂದು ನಿಲ್ಲಿಸದೆ ನೆಕ್ಕುತ್ತಿರುವಂಥ ಸದ್ದು. ಕತ್ತಲಲ್ಲಿ ಒಂದೇ ಒಂದು ಬೆಳಕಿನ ಚೌಕ ಇತ್ತು: ಮೇಲಿನ ಗಾಜಿನ ಚಾವಣಿಯ ಬಿಸಿಲು ಗಾಜಿನ ನೆಲದ ಮೂಲಕ ಇಳಿದು ನೀರಿನ ಮೇಲೆ ತೇಲುತ್ತಿತ್ತು. ಅವಳು ದಿನವೂ ಒರೆಸುತ್ತಿದ್ದ ಗಾಜು. ಈಗ ಅದರ ಮೇಲೆ ಹೊರಗೆ ಹೋಗುವವರ ಬೂಟಿನ ಅಡಿಗಳು ಒಂದರ ಹಿಂದೊಂದು ಅಂಟಿ ಕಿತ್ತುಕೊಂಡು ಸಾಗಿದ್ದವು. ಯಾರೋ ನಿಂತರು, ಬಗ್ಗಿದರು. ಕೈಯಲ್ಲಿ ಫೋನಿತ್ತು. ಅವಳು ಎರಡೂ ಕೈ ಎತ್ತಿ ಬೀಸಿದಳು. ಮೇಲಿನವರು ಕತ್ತಲಿನ ಫೋಟೋ ತೆಗೆದುಕೊಂಡು ಹೊರಟುಹೋದರು.

ಕೊನೆಯ ಕೋಣೆಯ ಬಾಗಿಲಿಗೆ ಎತ್ತರದ ಹೊಸ್ತಿಲಿತ್ತು, ಹಣ್ಣಿಗೆ ತೇವ ತಾಗದಿರಲಿ ಎಂದು ಹಿಂದೆ ಕಟ್ಟಿದ್ದು. ಷಟರ್ ಆ ಹೊಸ್ತಿಲ ಮೇಲೆ ಕೂತಿತ್ತು. ನೀರು ಹೊಸ್ತಿಲ ತುದಿಯನ್ನು ಇನ್ನೇನು ಮುಟ್ಟಲಿತ್ತು. ಅದಕ್ಕೇ ಒಳಗಿನವರಿಗೆ ಏನೂ ಗೊತ್ತಾಗಿಲ್ಲ. ನೀರು ಏರಿ ಷಟರಿನ ಮೈಗೆ ಒತ್ತಿ ನಿಂತರೆ ಆಮೇಲೆ ಗೊತ್ತಾಗಿಯೂ ಉಪಯೋಗವಿಲ್ಲ. ವಯಸ್ಸಾದ ತೋಳುಗಳಿಗೆ ಅದು ಏಳುವುದಿಲ್ಲ.

ಅವಳು ಅಂಗೈಯಿಂದ ಷಟರಿಗೆ ಬಡಿದಳು. "ಅತ್ತೆ, ನಾನು. ತೆಗೀರಿ. ತಪಾಸಣೆ ಅಲ್ಲ, ನಿಜವಾದ ನೀರು."

ಒಳಗೆ ಸದ್ದಿಲ್ಲ.

"ಮೊಟ್ಟೆಯಕ್ಕ, ನೀವಾದ್ರೂ ತೆಗೀರಿ. ಕೈಮುಗೀತೀನಿ."

ಒಂದು ಕೆಮ್ಮು ಹುಟ್ಟಿ, ಯಾರದೋ ಅಂಗೈಯ ಕೆಳಗೆ ಸತ್ತಿತು.

ಅವಳಿಗೆ ಅರ್ಥವಾಯಿತು. ಹಿಂದೊಮ್ಮೆ ಗಾಡಿಯವರು ಒಬ್ಬ ವ್ಯಾಪಾರಿಯ ಮಗಳನ್ನು ಹಿಡಿದು, ಷಟರಿನ ಮುಂದೆ ನಿಲ್ಲಿಸಿ, ಅಮ್ಮನನ್ನು ಕರೆ ಎಂದಿದ್ದರು. ಹುಡುಗಿ ಅಳುತ್ತ ಕರೆದಳು, ಅಮ್ಮ ತೆಗೆದಳು, ಆ ದಿನ ಯಾರ ಬುಟ್ಟಿಯೂ ಉಳಿಯಲಿಲ್ಲ. ಅಂದಿನಿಂದ, ಹೆತ್ತ ಮಗು ಕರೆದರೂ ಓಗೊಡಬಾರದು ಎಂದು ಹೆಂಗಸರು ಮಾತು ಮಾಡಿಕೊಂಡಿದ್ದರು. ಈಗ ಒಳಗೆ ಅತ್ತೆ ಕತ್ತಲಲ್ಲಿ ಕೂತು ತುಟಿ ಕಚ್ಚಿಕೊಂಡಿರುತ್ತಾಳೆ. ಸೊಸೆಯನ್ನು ಹಿಡಿದುಬಿಟ್ಟಿದ್ದಾರೆ, ತೋಳು ತಿರುಚಿ ಕೂಗಿಸುತ್ತಿದ್ದಾರೆ, ತಾನು ಉಸಿರೆತ್ತಿದರೆ ಉಳಿದವರೂ ಹೋದರು ಎಂದು. ಇವಳು ಎಷ್ಟು ಅತ್ತು ಕರೆದರೆ ಅಷ್ಟು ಗಟ್ಟಿಯಾಗಿ ಅವರು ಬಾಯಿ ಮುಚ್ಚಿಕೊಳ್ಳುತ್ತಾರೆ.

ನೀರು ಹೊಸ್ತಿಲು ಮುಟ್ಟಿತು.

ಗಾಡಿ ಹೋಯಿತು, ಹೊರಗೆ ಬನ್ನಿ ಎಂದು ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಹೇಳಿದರೆ ನಂಬುವವರೂ ಇರಲಿಲ್ಲ. ಗಾಡಿ ಮರೆಯಾದ ಮೇಲೆ ಮೇಲೆ ಉಳಿದ ಯಾರೋ ಒಬ್ಬಳು ತನ್ನ ಸರಕು ಕೂಗಿ ವ್ಯಾಪಾರ ಶುರು ಮಾಡುತ್ತಿದ್ದಳು. ಆ ಕೂಗು ಇಳಿದು ಬಂದರೆ ಸಾಕು, ಷಟರ್ ಏಳುತ್ತಿತ್ತು. ಹೆದರಿದವರ ಗಂಟಲಲ್ಲಿ ಆ ಕೂಗು ಹುಟ್ಟುವುದಿಲ್ಲ. ಕುತ್ತಿಗೆ ಹಿಡಿದು ಯಾರೂ ಅದನ್ನು ಹೊರಡಿಸಲಾರರು.

ಸೊಸೆಗೆ ಕೂಗಲು ಬರುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಅವಳನ್ನು ಬುಟ್ಟಿಯ ಹಿಂದೆ ಕೂರಿಸಿ ನೋಡಿದ್ದಳು. "ನಿನ್ನ ದನಿಗೆ ನಿಂಬೆ ಅಲ್ಲ ಕಣೇ, ನಿದ್ದೆ ಮಾತ್ರೆ ಮಾರ್ಬೇಕು," ಎಂದು ಮಾರುಕಟ್ಟೆಯೆಲ್ಲ ನಗುವಂತೆ ಆಡಿಕೊಂಡಿದ್ದಳು. ಆಮೇಲೆ ಮಾರುಕಟ್ಟೆ ಮುಚ್ಚಿ, ಸೊಸೆ ಇದೇ ಕಟ್ಟಡದಲ್ಲಿ ಒರೆಸುವ ಕೆಲಸಕ್ಕೆ ಸೇರಿದಳು. ಇಲ್ಲಿ ಕೆಲಸದವರು ಏರುದನಿಯಲ್ಲಿ ಮಾತಾಡಬಾರದು, ಸದ್ದಾಗದ ರಬ್ಬರು ಚಪ್ಪಲಿ ಹಾಕಬೇಕು.

ಅವಳು ಷಟರಿಗೆ ಹಣೆ ಒತ್ತಿ ಉಸಿರು ತೆಗೆದುಕೊಂಡಳು.

"ನಿಂಬೆ," ಎಂದಳು. ಅದು ಕೂಗಾಗಿರಲಿಲ್ಲ. ಹಲ್ಲು ಕಟಕಟಿಸಿ ಮಾತು ಎರಡಾಯಿತು.

ಮತ್ತೊಮ್ಮೆ. "ಬಂತು ನಿಂಬೇ... ತೆಳು ಸಿಪ್ಪೆ ನಿಂಬೇ..." ಕೊನೆಯಲ್ಲಿ ಗಂಟಲು ಸೀಳಿ ಅಳುವಾಯಿತು. ಅಳಬಾರದು. ಅತ್ತರೆ ಮುಗಿಯಿತು. ಅವಳು ಅತ್ತೆ ಕೂರುತ್ತಿದ್ದ ಭಂಗಿಯನ್ನು ನೆನೆದುಕೊಂಡಳು: ಒಂದು ಮಂಡಿ ಎತ್ತಿ, ಅದರ ಮೇಲೆ ಮೊಣಕೈ ಊರಿ, ಗಿರಾಕಿಯ ಮುಖ ನೋಡದೆ, ಎಲ್ಲೋ ಚಾವಣಿಯ ಪಾರಿವಾಳಗಳಿಗೆ ಮಾರುವವಳಂತೆ, ಉಡಾಫೆಯಿಂದ. ಬೇಕಾದ್ರೆ ಕೊಳ್ಳಿ, ಇಲ್ಲದಿದ್ರೆ ಹಾಳಾಗಿ ಹೋಗಿ ಎನ್ನುವ ದನಿ ಅದು. ಆ ಉಡಾಫೆ ಎಲ್ಲಿಂದ ತರುವುದು, ತೊಡೆಯವರೆಗೆ ನೀರಿನಲ್ಲಿ ನಿಂತು?

ಇಸ್ತ್ರಿ ಬೆರಳಲ್ಲಿ ನೇರ ಮಾಡಿಕೊಂಡ ಗೆರೆ ಕಣ್ಣಿಗೆ ಬಂತು. ಯಾರೂ ಇಲ್ಲ ಸರ್.

"ಬಂತು ನಿಂಬೇ," ಎಂದು ಅವಳು ಅವನ ಮುಖಕ್ಕೆ ಎಸೆದಂತೆ ಕೂಗಿದಳು. "ತೆಳು ಸಿಪ್ಪೆ ನಿಂಬೇ, ಕಣ್ಣಿಗೆ ಹಾರೋ ನಿಂಬೇ..." ದನಿ ಕಮಾನಿನಿಂದ ಕಮಾನಿಗೆ ಬಡಿದು ಹೋಗಿ ಇನ್ನೊಬ್ಬಳ ದನಿಯಾಗಿ ಹಿಂದಿರುಗಿತು. ಆ ಸಾಲಿಗೆ ಒಂದು ಬಾಲವಿತ್ತು. ಅವಳಿಗೆ ಮರೆತುಹೋಗಿತ್ತು. ಅವಳು ಬಾಯಿ ತೆರೆದು, ಏನೂ ಹೊರಡದೆ, ನಿಂತಳು.

ಒಳಗಿನಿಂದ, ಷಟರಿನ ಆಚೆಯ ಕತ್ತಲಿನಿಂದ, ತಡೆದುಕೊಳ್ಳಲಾರದ ಒಂದು ಮುದಿ ಗಂಟಲು ಅದನ್ನು ಮುಗಿಸಿತು: "...ಹಿಂಡಿ ನೋಡಿ ಕೊಳ್ಳೀ."

"ಎತ್ರಿ ಅತ್ತೆ, ಎತ್ರಿ."

ಷಟರ್ ಒಂದು ಗೇಣು ಎದ್ದಿತು. ನೀರು ಒಳಗೆ ನುಗ್ಗಿತು. ಒಳಗಿನಿಂದ ಒಂದೇ ಸಲಕ್ಕೆ ಎಲ್ಲರ ಬಾಯಿಂದ ಒಂದು ಸದ್ದು ಬಂತು, ಬಿಸಿ ತಾಗಿದಾಗ ಬರುವಂಥದ್ದು. ಷಟರ್ ಸಿಕ್ಕಿಕೊಂಡಿತು. ಇವಳು ಹೊರಗಿನಿಂದ, ಅವರು ಒಳಗಿನಿಂದ ಬೆರಳು ತೂರಿಸಿ ಎಳೆದರು. ಸೊಸೆಯ ಉಗುರು ಕಿತ್ತು ಬಂದದ್ದು ಆಮೇಲೆ ಗೊತ್ತಾಯಿತು. ಸೊಂಟದೆತ್ತರ ಎದ್ದ ಕೂಡಲೇ ಒಬ್ಬೊಬ್ಬರೇ ಬಾಗಿ, ನೀರಿಗೆ ಮುಖ ತಾಗಿಸಿಕೊಂಡು, ಹೊರಬಂದರು. ಮೊಟ್ಟೆಯಕ್ಕ ತನ್ನ ಚೀಲವನ್ನು ತಲೆಯ ಮೇಲಿಟ್ಟುಕೊಂಡಿದ್ದಳು. ಅತ್ತೆ ಕೊನೆಗೆ ಬಂದಳು. ಬಂದವಳು ಸೊಸೆಯ ಕೆನ್ನೆಗೆ ಒದ್ದೆ ಕೈಯಿಂದ ಒಂದು ಬಿಟ್ಟಳು.

"ಕಣ್ಣಿಗೆ ಹಾರೋ ನಿಂಬೆ ಅಂತ ಯಾವಳೇ ಹೇಳಿಕೊಟ್ಟಿದ್ದು ನಿಂಗೆ? ಕಣ್ಣಿಗೆ ಹಾರಿದ್ರೆ ಯಾರು ಕೊಳ್ತಾರೆ? ಬಾಯಿಗೆ ಹಾರೋ ನಿಂಬೆ."

"ಆಮೇಲೆ ಬೈರಿ. ಗೋಡೆ ಹಿಡ್ಕೊಳ್ಳಿ."

ಒಬ್ಬರ ಬೆನ್ನಿನ ಬಟ್ಟೆಯನ್ನು ಇನ್ನೊಬ್ಬರು ಹಿಡಿದು ನಡೆದರು. ಸೊಪ್ಪಿನವಳು ಎರಡು ಸಲ ಮುಳುಗಿ ಎದ್ದಳು. ತಿರುವಿನಾಚೆ, ಮೆಟ್ಟಿಲ ತುದಿಯ ಬೆಳಕಿನ ಗೀಟಿನಲ್ಲಿ ಮೂಟೆಯಣ್ಣನ ಬಾಗಿದ ಬೆನ್ನು ಕಾಣಿಸಿತು. ಬಾಗಿಲು ಅವನನ್ನು ಒತ್ತುತ್ತಿತ್ತು, ಅವನು ಬಾಗಿಲನ್ನು ಒತ್ತುತ್ತಿದ್ದ.

ರಸ್ತೆಯ ಕೊಳವೆಯ ಕೀಲಿ ಯಾರೋ ತಿರುಗಿಸಿದ ಮೇಲೆ ನೀರು ನಿಂತಿತು. ಕರೆಂಟು ಮರಳಿತು. ಪಂಪು ತಂದು ನೆಲಮಾಳಿಗೆಗೆ ದಪ್ಪ ಪೈಪು ಇಳಿಬಿಟ್ಟರು. ಖಾಲಿ ಹಜಾರದಲ್ಲಿ ಹೆಂಗಸರು ರಟ್ಟಿನ ಪೆಟ್ಟಿಗೆಗಳನ್ನು ಬಿಡಿಸಿ ಹಾಸಿಕೊಂಡು, ನಡುಗುತ್ತ ಕೂತಿದ್ದರು. ಕಲ್ಲಿನ ನೆಲ ಒದ್ದೆಯಾಗಬಾರದೆಂದು ರಟ್ಟು ಕೊಟ್ಟವರು ಯಾರೋ. ಒಣ ಬಟ್ಟೆ ಯಾರೂ ಕೊಟ್ಟಿರಲಿಲ್ಲ.

ಇಸ್ತ್ರಿ ಬಂದ. ಅವನ ಅಂಗಿ ಬೆವರಿಗೆ ಮುದ್ದೆಯಾಗಿತ್ತು. ಸುತ್ತ ನೋಡಿ, ಕುಕ್ಕರುಗಾಲಲ್ಲಿ ಕೂತು, ದನಿ ತಗ್ಗಿಸಿದ. "ಎಲ್ಲರೂ ಹುಷಾರಾಗಿದ್ದೀರಲ್ಲ, ಸಾಕು. ಈಗ ಸರಿಯಾಗಿ ಕೇಳಿಸ್ಕೊಳ್ಳಿ. ನೀವು ಯಾರೂ ಕೆಳಗಿರಲಿಲ್ಲ. ಇವತ್ತು ನೀವು ಕೆಲಸಕ್ಕೇ ಬಂದಿಲ್ಲ."

"ಹಾಗಾದ್ರೆ ಇಲ್ಲಿ ಕೂತಿರೋದು ಯಾರು, ನಮ್ಮ ದೆವ್ವಗಳಾ?" ಎಂದಳು ಮೊಟ್ಟೆಯಕ್ಕ.

"ತಮಾಷೆ ಬೇಡ. ಸಂಜೆ ದೊಡ್ಡವರ ಪಾರ್ಟಿ ಇದೆ, ಮುಂದಕ್ಕೆ ಹಾಕೋ ಹಾಗಿಲ್ಲ. ನೀರು ಮೊಣಕಾಲಿಗಿಂತ ಕೆಳಗೆ ಇಳಿದಿದೆ. ತಟ್ಟೆ ಎಲ್ಲ ಕೆಸರಾಗಿದೆ. ಇಳಿದು ಒಂದು ಕೈ ನೋಡಿ. ಮ್ಯಾನೇಜರ್ ಊಟಕ್ಕೆ ಹೋಗಿದ್ದಾರೆ, ಬರೋದ್ರೊಳಗೆ."

ಎಲ್ಲರಿಗಿಂತ ಮೊದಲು ಎದ್ದದ್ದು ಅತ್ತೆ. ಮಂಡಿಗೆ ಕೈಯೂರಿ ಎದ್ದು, ಒದ್ದೆ ತಲೆಗೂದಲು ಹಿಂಡಿ ಗಂಟು ಹಾಕಿಕೊಂಡಳು. ಸೊಸೆ ಅವಳ ಮುಖ ನೋಡಿದಳು. ಷಟರಿನೊಳಗೆ ತುಟಿ ಕಚ್ಚಿ ಕೂತವಳ ಮುಖ ಅದು, ಈಗ ಬೆಳಕಿನಲ್ಲಿತ್ತು ಅಷ್ಟೇ. ನೀರಿನ ಹೆದರಿಕೆ ನೀರಿನೊಂದಿಗೆ ಇಳಿದಿತ್ತು, ಇನ್ನೊಂದು ಇಳಿದಿರಲಿಲ್ಲ.

ಸೊ​ಸೆ ಅವಳಿಗಿಂತ ಮುಂಚೆ ನಡೆದು ಹೋಗಿ, ತೆರೆದ ಬಾಗಿಲಿನ ಹೊಸ್ತಿಲಲ್ಲಿ, ಮೊದಲ ಮೆಟ್ಟಿಲಿಗೆ ಬೆನ್ನು ಮಾಡಿ ಕೂತುಬಿಟ್ಟಳು.

"ಸರಿ, ದಾರಿ ಬಿಡು," ಎಂದಳು ಅತ್ತೆ.

"ಬಿಡಲ್ಲ."

"ಹುಚ್ಚಾಟ ಆಡ್ಬೇಡ. ಅವನು ನೋಡ್ತಿದ್ದಾನೆ. ನಿಂದೂ ಹೋಗುತ್ತೆ ಕೆಲಸ."

"ಗೊತ್ತು."

"ನಾಳೆ ಒಲೆ ಮೇಲೆ ಏನಿಡ್ತೀಯ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅತ್ತೆ. ನನ್ನ ತುಳ್ಕೊಂಡು ಇಳೀರಿ."

ಇಸ್ತ್ರಿ ಎದ್ದು ನಿಂತು, "ಏಯ್, ಏನಮ್ಮ ಇದು ನಾಟಕ," ಎಂದ. ಬಾಗಿಲಿನ ಪಕ್ಕ ಸೊಂಟ ನೀವಿಕೊಳ್ಳುತ್ತ ಕೂತಿದ್ದ ಮೂಟೆಯಣ್ಣ ಗೋಡೆ ನೋಡತೊಡಗಿದ.

ಅತ್ತೆ ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ, "ಆ ಕಡೆ ಸರಿ," ಎಂದಳು.

ದಾಟಿಕೊಂಡು ಹೋಗುತ್ತಾಳೆ ಎಂದು ಸೊಸೆ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಅತ್ತೆ ಅವಳ ಭುಜದ ಮೇಲೆ ಭಾರ ಹಾಕಿ, ನರಳಿಕೊಂಡು, ಪಕ್ಕದಲ್ಲಿ ಕೂತಳು.

"ಮಂಡಿ ನೋವು," ಎಂದಳು ಇಸ್ತ್ರಿಯ ಕಡೆ ನೋಡದೆ. "ನಿಂತ್ಕೊಂಡು ಹೆದರೋಕೆ ನನ್ ಕೈಲಿ ಆಗಲ್ಲ."

ಇಸ್ತ್ರಿ ಫೋನು ತೆಗೆದು ಕಿವಿಗಿಟ್ಟುಕೊಂಡ. ಆಚೆ ಕಡೆ ರಿಂಗಾಗುವುದು ಖಾಲಿ ಹಜಾರದಲ್ಲಿ ಎಲ್ಲರಿಗೂ ಕೇಳಿಸುತ್ತಿತ್ತು. ಮೊಟ್ಟೆಯಕ್ಕ ಚೀಲ ಹಿಡಿದು ಎದ್ದು ಬಂದು, ಆ ಇಕ್ಕಟ್ಟಾದ ಹೊಸ್ತಿಲನ್ನು ನೋಡಿ, "ನಂಗೆ ಜಾಗ ಇದೆಯೇನೇ?" ಎಂದು ಕೇಳಿದಳು. ಸೊಪ್ಪಿನವಳು ರಟ್ಟಿನ ಮೇಲೆ ಅರ್ಧ ಎದ್ದು, ಒಮ್ಮೆ ಇಸ್ತ್ರಿಯನ್ನೂ ಒಮ್ಮೆ ಇವರನ್ನೂ ನೋಡುತ್ತ, ಹಾಗೇ ಬಗ್ಗಿ ನಿಂತಿದ್ದಳು.